ಆಟೋಮ್ಯಾಟಿಕ್ ಮಾರಿ ಮ್ಯಾನುಯಲ್ ಕೊಂಡೆ: ಟ್ರ್ಯಾಕ್‌ನಲ್ಲಿ ನನ್ನ ಅನುಭವ

ಪ್ಯಾಡಲ್ (ಸ್ಟೀರಿಂಗ್ ಹಿಂದೆ ಬೆರಳಿನಿಂದ ಗೇರ್ ಬದಲಿಸುವ ಪಟ್ಟಿ) ಇದ್ದ ಆಟೋಮ್ಯಾಟಿಕ್ ಕಾರನ್ನು ಮಾರಿ, ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಹಳೆಯ ಮ್ಯಾನುಯಲ್ ಹ್ಯಾಚ್‌ಬ್ಯಾಕ್ ಒಂದನ್ನು ಮೂರೂವರೆ ಲಕ್ಷದ ಆಸುಪಾಸಿಗೆ ಕೊಂಡಾಗ, ನನ್ನೊಡನೆ ಬೆಂಗಳೂರಿನಿಂದ ಚೆನ್ನೈ ಬಳಿಯ ರೇಸ್ ಟ್ರ್ಯಾಕ್ ಆದ ಮದ್ರಾಸ್ ಸರ್ಕ್ಯೂಟ್‌ಗೆ ಬರುವ ಗೆಳೆಯರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. ಪ್ಯಾಡಲ್‌ನಿಂದ ಗೇರ್ ಬದಲಿಸುವ ಫಾರ್ಮುಲಾ ಒನ್ ಕಾರು ಫೆರಾರಿ 640, 1989ರಲ್ಲಿ ತನ್ನ ಮೊದಲ ರೇಸಿನಲ್ಲೇ ಚಾಲಕ ನೈಜೆಲ್ ಮ್ಯಾನ್ಸೆಲ್ ಅವರಿಗೆ ಗೆಲುವು ತಂದುಕೊಟ್ಟಾಗಲೇ ಈ ಚರ್ಚೆ ಮುಗಿಯಿತೆಂಬುದು ಅವರ ವಾದ. ಪೋರ್ಷೆ ಕಂಪನಿ 2013ರ ತನ್ನ 911 ಜಿಟಿ3 ಸ್ಪೋರ್ಟ್ಸ್ ಕಾರಿನಿಂದ ಮ್ಯಾನುಯಲ್ ಅನ್ನು ತೆಗೆದುಹಾಕಿ, 2017ರಲ್ಲಿ ಮತ್ತೆ ಅದೇ ಕಾರಿಗೆ ಅದನ್ನು ಕೊಟ್ಟಿದ್ದೇಕೆ ಎಂದು ನಾನು ಕೇಳುತ್ತಿದ್ದೆ. ಆದರೆ ಬಾಯಿಮಾತಿನಿಂದ ಯಾರೂ ಒಪ್ಪುವುದಿಲ್ಲ, ಲ್ಯಾಪ್ ಟೈಮ್ ತೋರಿಸಬೇಕು.

ಹಳೆಯ ಆಟೋಮ್ಯಾಟಿಕ್ ನಿಧಾನವಾಗಿತ್ತೆಂದು ನಾನು ಹೇಳುವುದಿಲ್ಲ. ಅದರಲ್ಲಿ ನನ್ನ ಉತ್ತಮ ಲ್ಯಾಪ್ 2 ನಿಮಿಷ 21 ಸೆಕೆಂಡಿನಷ್ಟಿತ್ತು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕೈದು ಲ್ಯಾಪ್ ಆದೊಡನೆ ಗೇರ್‌ಬಾಕ್ಸ್ ಎಣ್ಣೆ ಕಾದು ಎಳೆತ ಮಂದವಾಗುತ್ತಿತ್ತು, ಕೆಳಗಿನ ಗೇರ್ ಕೇಳಿದರೆ ಕೊಡುತ್ತಿರಲಿಲ್ಲ, ತಿರುವಿನ ಮಧ್ಯದಲ್ಲಿ ತಾನಾಗಿಯೇ ಮೇಲಿನ ಗೇರ್‌ಗೆ ಹೋಗಿಬಿಡುತ್ತಿತ್ತು. ಕಾರು ನನ್ನನ್ನು ಓಡಿಸುತ್ತಿದೆಯೇ ಹೊರತು ನಾನು ಕಾರನ್ನು ಓಡಿಸುತ್ತಿಲ್ಲ ಎಂಬ ಬೇಸರ ಪ್ರತಿ ಸಲವೂ ಉಳಿಯುತ್ತಿತ್ತು.

ಮ್ಯಾನುಯಲ್‌ನ ಮೊದಲ ದಿನ ನನ್ನ ಸಮಯ 2 ನಿಮಿಷ 25 ಸೆಕೆಂಡಿಗೆ ಏರಿಬಿಟ್ಟಿತು. ಗೇರ್ ಇಳಿಸುವಾಗ ಎಂಜಿನ್ ವೇಗವನ್ನು ಕೆಳಗಿನ ಗೇರ್‌ಗೆ ಹೊಂದಿಸಲು ಬ್ರೇಕ್ ಒತ್ತಿಕೊಂಡೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟುವಾಗ ಬ್ರೇಕ್ ಮೇಲಿನ ಒತ್ತಡ ಏರುಪೇರಾಗುತ್ತಿತ್ತು. ತಟ್ಟದೆ ಕ್ಲಚ್ ಬಿಟ್ಟರೆ ಮುಂದಿನ ಚಕ್ರಗಳು ಕಿರುಗುಟ್ಟಿ ಕಾರು ಹೊರಅಂಚಿಗೆ ಜಾರುತ್ತಿತ್ತು. ಬ್ರೇಕ್ ಒತ್ತಿದಾಗ ಎರಡೂ ಪೆಡಲ್ ಒಂದೇ ಮಟ್ಟಕ್ಕೆ ಬರಲೆಂದು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಆಕ್ಸಿಲರೇಟರ್ ಪೆಡಲ್‌ಗೆ 20 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಕೂರಿಸಿದೆ. ಅದು ತಪ್ಪು ನಿರ್ಧಾರ. ಪೇಟೆಯಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದಾಗಲೂ ಎರಡೂ ಪೆಡಲ್ ಒಟ್ಟಿಗೆ ಸಿಗುತ್ತಿದ್ದುದರಿಂದ ಅದೇ ಸಂಜೆ ಬಿಚ್ಚಿಸಿದೆ. ಕೊನೆಗೆ 12 ಮಿಲಿಮೀಟರ್ ಸರಿಹೋಯಿತು. ಎರಡೂ ಸೇರಿ ಸಾವಿರದ ಇನ್ನೂರು ರೂಪಾಯಿ ಆಗಿರಬೇಕು. ಅಭ್ಯಾಸಕ್ಕೆ ಟ್ರ್ಯಾಕ್ ದುಬಾರಿ, ಆದ್ದರಿಂದ ಅತ್ತಿಬೆಲೆಯಿಂದ ಶ್ರೀಪೆರುಂಬುದೂರಿನವರೆಗೆ ಸಿಗುವ ಪ್ರತಿಯೊಂದು ಟೋಲ್‌ಗೇಟನ್ನೂ ನಾನು ಒಂದೊಂದು ತಿರುವೆಂದು ಭಾವಿಸಿ, ಐದರಿಂದ ಎರಡರವರೆಗೆ ಒಂದೊಂದೇ ಗೇರ್ ಇಳಿಸುತ್ತಾ, ಕಾರು ಒಮ್ಮೆಯೂ ಕುಲುಕದಂತೆ ನಿಲ್ಲಿಸುವುದನ್ನು ಆರು ತಿಂಗಳು ಮಾಡಿದೆ.

ದೊಡ್ಡ ಪೆಟ್ಟು ಬಿದ್ದದ್ದು ಮೂರನೆಯ ಟ್ರ್ಯಾಕ್ ದಿನದಂದು. ನೇರ ಓಟದ ಕೊನೆಯಲ್ಲಿ ಐದರಿಂದ ನಾಲ್ಕಕ್ಕೆ ಎಳೆದ ಗೇರ್ ಎರಡರಲ್ಲಿ ಹೋಗಿ ಬಿತ್ತು. ವಾಲ್ವ್‌ಗಳು ಬಾಗಿದವು, ಸಿಲಿಂಡರ್ ಹೆಡ್ ಇಳಿಸಬೇಕಾಯಿತು, ಎಲ್ಲ ಸೇರಿ ಎಪ್ಪತ್ತು ಸಾವಿರಕ್ಕೂ ಮೇಲೆ ಖರ್ಚಾಗಿ ಕಾರು ಎರಡು ತಿಂಗಳು ಗ್ಯಾರೇಜಿನಲ್ಲಿತ್ತು. "ಸಾರ್, ಇದು ನಿಮಗ್ಯಾಕೆ ಬೇಕಿತ್ತು? ಆಟೋಮ್ಯಾಟಿಕ್ ಇಟ್ಕೊಂಡಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ" ಎಂದು ನನ್ನ ಮೆಕ್ಯಾನಿಕ್ ಹೇಳಿದ್ದು ಈಗಲೂ ನೆನಪಿದೆ. ಆ ಎರಡು ತಿಂಗಳು ನಾನು ಸುಮ್ಮನೆ ಕೂರಲಿಲ್ಲ. ಕ್ಯಾಮೆರಾದಲ್ಲಿ ನನ್ನ ಎಡಗೈಯನ್ನೇ ಮತ್ತೆ ಮತ್ತೆ ನೋಡಿದಾಗ ಎರಡು ತಪ್ಪುಗಳು ಕಂಡವು. ಮೊದಲನೆಯದು, ಗೇರ್ ಲಿವರನ್ನು ಮುಷ್ಟಿ ಕಟ್ಟಿ ಹಿಡಿದು ಎಡಕ್ಕೆ ಒತ್ತಿಕೊಂಡು ಎಳೆಯುತ್ತಿದ್ದೆ. ಬೆರಳು ಬಿಚ್ಚಿ ನೇರ ಹಿಂದಕ್ಕೆ ಎಳೆದರೆ ಒಳಗಿನ ಸ್ಪ್ರಿಂಗ್ ತಾನೇ ಲಿವರನ್ನು ಮೂರು–ನಾಲ್ಕರ ಸಾಲಿಗೆ ತರುತ್ತದೆ. ಎರಡನೆಯದನ್ನು ಯಾರೂ ಗಮನಿಸಿರಲಿಲ್ಲ: ಎಂಜಿನ್ ಮೌಂಟ್, ಅಂದರೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರ್ ಆಸರೆ, ಸವೆದಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ಓಲಾಡಿ, ಕೇಬಲ್ ಎಳೆಯಲ್ಪಟ್ಟು, ಗೇರಿನ ಸಾಲುಗಳೇ ಕೈಗೆ ಬೇರೆ ಕಡೆ ಸಿಗುತ್ತಿದ್ದವು. ಹೊಸ ಮೌಂಟ್ ತಂದು ಅದರ ಖಾಲಿ ಜಾಗಗಳಿಗೆ ರಬ್ಬರಿನಂಥ ಪಾಲಿಯುರೆಥೇನ್ ತುಂಬಿಸಿದೆ. ಎಷ್ಟು ಗಟ್ಟಿಯದು ಎಂಬುದನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾಲ್ಕು ಮೌಂಟ್ ಹಾಳುಮಾಡಿದ್ದೇನೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ, ಆದರೆ ಅಂದಿನಿಂದ ಒಂದೇ ಒಂದು ಗೇರ್ ತಪ್ಪಿಲ್ಲ.

ನಡುವೆ ಒಂದು ಮಧ್ಯಾಹ್ನ ಇಡೀ ಲ್ಯಾಪನ್ನು ಮೂರನೆಯ ಗೇರಿನಲ್ಲೇ ಓಡಿಸಿ ನೋಡಿದೆ. ಸುಮಾರು ಆರು ಸೆಕೆಂಡು ಮಾತ್ರ ಹೋಯಿತು, ಅದೂ ಬಹುಪಾಲು ನೇರ ಓಟದಲ್ಲಿ. 3.7 ಕಿಲೋಮೀಟರಿನ, ಹನ್ನೆರಡು ತಿರುವಿನ ಈ ಟ್ರ್ಯಾಕಿನಲ್ಲಿ ನನ್ನ ಪುಟ್ಟ ಎಂಜಿನ್‌ಗೆ ಎರಡನೆಯ ಗೇರೇ ಬೇಕಿಲ್ಲವೆಂದು ಆಗ ತಿಳಿಯಿತು. ಮೊದಲು ನಾನು ಎರಡಕ್ಕೆ ಇಳಿಸುತ್ತಿದ್ದ ತಿರುವುಗಳಲ್ಲೆಲ್ಲ ಮೂರರಲ್ಲೇ ಉಳಿದು, ವೇಗವನ್ನು ಕಳೆದುಕೊಳ್ಳದೆ ಹೊರಬರುವುದನ್ನು ಕಲಿತೆ. ಕೊನೆಯ ತಿರುವಿಗೆ ಯಾವ ಜಾಗದಲ್ಲಿ ಗೇರ್ ಇಳಿಸುತ್ತೇನೆಂಬುದು ನನ್ನಲ್ಲೇ ಇರಲಿ.

ಕಳೆದ ಡಿಸೆಂಬರಿನಲ್ಲಿ ನನ್ನ ಸಮಯ 2 ನಿಮಿಷ 20 ಸೆಕೆಂಡಿಗೆ ತುಸು ಕಡಿಮೆ ಬಂತು. ಅದೇ ದಿನ, ಅದೇ ಟೈರ್‌ಗಳಲ್ಲಿ, ಇದೇ ಎಂಜಿನ್ನಿನ ಆಟೋಮ್ಯಾಟಿಕ್ ಓಡಿಸಿದ ಗೆಳೆಯರೊಬ್ಬರದು ನನಗಿಂತ ಅರ್ಧ ಸೆಕೆಂಡಿನಷ್ಟು ಹಿಂದಿತ್ತು. ಐದನೆಯ ಲ್ಯಾಪಿನ ನಂತರ ಅವರ ಕಾರು ಸುಸ್ತಾಯಿತು, ನನ್ನದು ಎಂಟನೆಯ ಲ್ಯಾಪಿನಲ್ಲೂ ಹಾಗೆಯೇ ಇತ್ತು. ಎರಡು ಕ್ಲಚ್‌ಗಳಿಂದ ತಾನೇ ಗೇರ್ ಬದಲಿಸುವ ಒಳ್ಳೆಯ ಡ್ಯುಯಲ್ ಕ್ಲಚ್ ಕಾರಿನ ಮುಂದೆ ನನ್ನ ಕೈ ಎಂದಿಗೂ ಅಷ್ಟು ಬೇಗ ಗೇರ್ ಬದಲಿಸಲಾರದು, ಅದನ್ನು ಒಪ್ಪುತ್ತೇನೆ. ಆದರೆ ಬ್ರೇಕ್ ಹಿಡಿದು, ತಟ್ಟಿ, ಕ್ಲಚ್ ಬಿಟ್ಟಾಗ ಕಾರು ಅಲುಗದೆ ತಿರುವಿಗೆ ಇಳಿಯುವ ಆ ಒಂದು ಕ್ಷಣಕ್ಕಾಗಿಯೇ ನಾನು 300 ಕಿಲೋಮೀಟರ್ ಓಡಿಸಿಕೊಂಡು ಹೋಗುತ್ತೇನೆ.

ಈಗ ಕ್ಲಚ್ ಪ್ಲೇಟ್ ಸವೆದಿದೆ, ಹದಿನೈದು ಸಾವಿರ ಎತ್ತಿಡಬೇಕು. ಮುಂದಿನ ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೆ ಹೋಗುವವನಿದ್ದೇನೆ. ಅದು 2.1 ಕಿಲೋಮೀಟರಿನದು, ಅಲ್ಲಿ ಎರಡನೆಯ ಗೇರ್ ಬೇಕಾಗಬಹುದು. ಹಾಗಾದರೆ ಬ್ರೇಕನ್ನು ಇನ್ನೂ ಆಳಕ್ಕೆ ಒತ್ತಬೇಕಾಗುವುದರಿಂದ ಆಕ್ಸಿಲರೇಟರ್ ಪೆಡಲ್‌ನ ತಗಡನ್ನು 10 ಮಿಲಿಮೀಟರ್‌ಗೆ ಇಳಿಸಿ ನೋಡಬೇಕೆಂದುಕೊಂಡಿದ್ದೇನೆ.