ವಾಲಿದ ಕಾರ್ ಶೆಡ್ ಸರಿಮಾಡಿಸಿದ್ದು ಹೀಗೆ

ನಮ್ಮ ಮನೆ ಇರೋದು ಹುಬ್ಬಳ್ಳಿಯಲ್ಲಿ, ಪೂರ್ತಿ ಎರೆ ಮಣ್ಣಿನ ಜಾಗ. ಕಾರಿಗೆ ನೆರಳಿರಲಿ ಅಂತ ನಾಲ್ಕು ಕಂಬ ನಿಲ್ಲಿಸಿ ತಗಡು ಹಾಕಿಸಿದ್ದೆ. ಎರಡೇ ಮಳೆಗಾಲಕ್ಕೆ ಒಂದು ಕಂಬ ಗೇಟಿನ ಕಡೆ ವಾಲಿತು. ತಗಡಿನ ಮೇಲೆ ನೀರು ನಿಂತು, ಸ್ಕ್ರೂ ತೂತಿನಿಂದ ಸೋರಿ, ಬಾನೆಟ್ ಮೇಲೆ ತುಕ್ಕಿನ ಕಲೆ ಬಿತ್ತು. ಬಹಳ ಬೇಜಾರಾಯಿತು.

ಬುಡ ಅಗೆದು ನೋಡಿದರೆ ಕಾಂಕ್ರೀಟ್ ಒಂದೂವರೆ ಅಡಿ ಕೂಡ ಇರಲಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ನಿಂತ ಕಂಬ ಅಲುಗದೆ ಇರುತ್ತದಾ? ಈ ಸಲ ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಿಶ್ರಿತ ಮಣ್ಣು, ಸಿಗುವವರೆಗೂ ಅಗೆಸಿದೆ. ನಮ್ಮಲ್ಲಿ 4 ಅಡಿಗೆ ಸಿಕ್ಕಿತು, ನಿಮ್ಮಲ್ಲಿ ಇನ್ನೂ ಕೆಳಗಿರಬಹುದು. ಅಲ್ಲಿಂದ ಕಾಂಕ್ರೀಟ್ ಎಬ್ಬಿಸಿ, ನೆಲದಿಂದ ಅರ್ಧ ಅಡಿ ಮೇಲೆ ಪ್ಲೇಟ್ ಕೂರಿಸಿ, ಬೋಲ್ಟ್ ಹಾಕಿ ಕಂಬ ಬಿಗಿಸಿದೆ. ಮಣ್ಣು ತಾಗದಿದ್ದರೆ ತುಕ್ಕೂ ಬೇಗ ಹಿಡಿಯಲ್ಲ.

ಮೇಲಿನ ತಗಡಿಗೆ 10 ಅಡಿ ಅಗಲಕ್ಕೆ 1 ಅಡಿ ಇಳಿಜಾರು ಕೊಟ್ಟೆ. ಸ್ಕ್ರೂಗಳನ್ನು ರಬ್ಬರ್ ವಾಷರ್ ಸಮೇತ ತಗಡಿನ ಉಬ್ಬಿನ ಮೇಲೇ ಹೊಡೆಸಿದೆ. ತಗ್ಗಿನಲ್ಲಿ ಹೊಡೆದರೆ ನೀರೆಲ್ಲ ಅಲ್ಲೇ ಹರಿಯುತ್ತದೆ ಅಲ್ವಾ. ಅಂಚಿನ ನೀರನ್ನು ಪೈಪಿನಲ್ಲಿ ಗಟಾರಕ್ಕೆ ಬಿಟ್ಟೆ, ಕಂಬದ ಬುಡಕ್ಕೆ ಹನಿಯೂ ಬೀಳಬಾರದು.

ಮೊನ್ನೆ ಜೋರು ಗಾಳಿ ಮಳೆ. ರಾತ್ರಿ ಬ್ಯಾಟರಿ ಹಿಡಿದು ಹೋಗಿ ಬಾನೆಟ್ ಮುಟ್ಟಿ ನೋಡಿದೆ. ಒಣಗಿತ್ತು.