ಮುಲ್ಗಾ ಕೂಳೆಗೆ ಗೇಟರ್ ಉತ್ತರ: ದಾರಿಯಿಲ್ಲದ ಕಡೆ ಟ್ರೂಪಿ ಓಡಿಸಿದ ನನ್ನ ಅನುಭವ

ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನಲ್ಲಿ ದಾರಿ ಬಿಟ್ಟು ಗಾಡಿ ಓಡಿಸುವವರಿಗೆ ಮರಳಿಗಿಂತ, ಕಲ್ಲಿಗಿಂತ ದೊಡ್ಡ ವೈರಿ ಸತ್ತ ಮುಲ್ಗಾ ಮರದ ಕೂಳೆ. ಕಾಲ್ಗೂರ್ಲಿಯಿಂದ ಉತ್ತರಕ್ಕೆ ಹೊರಟು ಮೆನ್ಜೀಸ್ ದಾಟಿದರೆ ಎತ್ತರದ ಯೂಕಲಿಪ್ಟಸ್ ಮರಗಳು ಹಿಂದೆ ಉಳಿದು ಮುಲ್ಗಾ ಸೀಮೆ ಶುರುವಾಗುತ್ತದೆ. ಮುಲ್ಗಾ ನಮ್ಮ ಜಾಲಿಯ ದೂರದ ಬಂಧು. ಕಟ್ಟಿಗೆ ವಿಪರೀತ ಗಟ್ಟಿ, ಸತ್ತು ಒಣಗಿದ ಮೇಲೂ ಬೇಗ ಕೊಳೆಯುವುದಿಲ್ಲ, ಮುರಿದ ತುದಿ ವರ್ಷಗಟ್ಟಲೆ ಹರಿತವಾಗಿಯೇ ನೆಲದಲ್ಲಿ ನಿಂತಿರುತ್ತದೆ. ರಾಯಚೂರು ಸೀಮೆಯಲ್ಲಿ ಕೊಯ್ದ ತೊಗರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದು ಎಂಥ ಕಾಟವೆಂದು ಹೇಳಬೇಕಾಗಿಲ್ಲ. ಅದೇ ತೊಗರಿ ಕೂಳೆ ಹೆಬ್ಬೆರಳಿನ ದಪ್ಪವಿದ್ದು, ಹೊಲಕ್ಕೆ ಕೊನೆಯೇ ಇಲ್ಲವೆಂದು ಎಣಿಸಿಕೊಂಡರೆ ಸಾಕು. ಈ ಕೂಳೆ ನೆಲಕ್ಕೆ ತಾಗುವ ಟೈರಿನ ಮುಖಕ್ಕೆ ಚುಚ್ಚಿದರೆ ಪಂಕ್ಚರ್ ಹಾಕಿ ಮುಂದೆ ಹೋಗಬಹುದು, ಪಕ್ಕದ ಗೋಡೆಯಾದ ಸೈಡ್‌ವಾಲಿಗೆ ಚುಚ್ಚಿದರೆ ಟೈರೇ ಹೋಯಿತು. ಈ ಸೈಡ್‌ವಾಲ್ ರೋಗಕ್ಕೆ ಗೇಟರಿನಿಂದ, ಅಂದರೆ ಟೈರಿಗೂ ಟ್ಯೂಬಿಗೂ ನಡುವೆ ಇಡುವ ಹಳೆಯ ನೈಲಾನ್ ಟೈರಿನ ತುಂಡಿನಿಂದ, ಮನೆಯಲ್ಲೇ ಮದ್ದು ಮಾಡಬಹುದೆಂದು ನಾನು ಹೇಳಿದಾಗ ಇಲ್ಲಿನ ಅನುಭವಿಗಳು ಯಾರೂ ಒಪ್ಪಲಿಲ್ಲ. ಈಗ ಎರಡು ಚಳಿಗಾಲಗಳ ಓಡಾಟದಲ್ಲಿ ಅದು ನಿಂತು ತೋರಿಸಿರುವುದರಿಂದ ಬರೆಯುತ್ತಿದ್ದೇನೆ.

ನಾನು ಹಟ್ಟಿ ಚಿನ್ನದ ಗಣಿಯ ಊರಿನವನು, ವೃತ್ತಿಯಿಂದ ಡೀಸೆಲ್ ಫಿಟ್ಟರ್, ಈಗ ಕಾಲ್ಗೂರ್ಲಿಯಲ್ಲಿದ್ದೇನೆ. ರಜೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನದ ತುಣುಕು ಹುಡುಕುವುದು ನನ್ನ ಹವ್ಯಾಸ. ದಾರಿಯ ಅಕ್ಕಪಕ್ಕದ ನೆಲವನ್ನೆಲ್ಲ ಬೇರೆಯವರು ಎಂದೋ ಜಾಲಾಡಿ ಮುಗಿಸಿರುವುದರಿಂದ ಹೊಸ ನೆಲ ಬೇಕಾದರೆ ದಾರಿ ಬಿಡಲೇಬೇಕು. ಚಿನ್ನ ಹುಡುಕಲು ಬೇಕಾದ ಮೈನರ್ಸ್ ರೈಟ್ ಎಂಬ ಸರ್ಕಾರಿ ಪರವಾನಗಿ, ದನಗಾವಲಿನ ಗುತ್ತಿಗೆದಾರರಿಗೆ ಮುಂಚಿತವಾಗಿ ತಿಳಿಸುವುದು, ಮೂಲನಿವಾಸಿಗಳ ನೆಲವಾದರೆ ಅವರ ಅನುಮತಿ, ಇವು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಇವಿಲ್ಲದೆ ನಾನು ಎಲ್ಲಿಯೂ ಚಕ್ರ ಇಳಿಸಿಲ್ಲ, ಸಂರಕ್ಷಿತ ಪ್ರದೇಶಗಳ ಒಳಗೆ ದಾರಿ ಬಿಟ್ಟೂ ಇಲ್ಲ. ಗಾಡಿ 75 ಸರಣಿಯ ಟೊಯೋಟಾ ಲ್ಯಾಂಡ್ ಕ್ರೂಸರ್ ಟ್ರೂಪ್ ಕ್ಯಾರಿಯರ್ (ಇಲ್ಲಿನವರ ಬಾಯಲ್ಲಿ ಟ್ರೂಪಿ), 4.2 ಲೀಟರಿನ 1ಎಚ್‌ಜೆಡ್ ಡೀಸೆಲ್ ಎಂಜಿನ್, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಮತ್ತು ಪ್ಲೇಟ್ ಸ್ಪ್ರಿಂಗ್. ಸುಮಾರು ಹದಿನಾಲ್ಕು ಸಾವಿರ ಡಾಲರಿಗೆ ಕೊಂಡೆ. ಇದನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ತುಂಡಾಗಿ ಬಿಚ್ಚಬಹುದಾದ ಸ್ಪ್ಲಿಟ್ ರಿಮ್ ಮತ್ತು ಟ್ಯೂಬ್ ಇರುವ 7.50ಆರ್16 ಟೈರು (ಏಳೂವರೆ ಅಂಗುಲ ಅಗಲ, ಹದಿನಾರು ಅಂಗುಲದ ರಿಮ್). ಟ್ಯೂಬ್ ಇಲ್ಲದ ಟೈರಾಗಿದ್ದರೆ ನಾನು ಮಾಡಿದ ಕೆಲಸ ಸಾಧ್ಯವೇ ಇರಲಿಲ್ಲ.

ಆರಂಭದ ದಿನಗಳ ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ. ಲ್ಯಾವರ್ಟನ್‌ನ ಪೂರ್ವಕ್ಕೆ ಒಂದು ವಾರದ ಓಡಾಟದಲ್ಲಿ ನಾಲ್ಕು ಟೈರು ಸೈಡ್‌ವಾಲ್ ಹರಿದುಕೊಂಡವು, ಒಂದೊಂದಕ್ಕೆ ಇನ್ನೂರ ಎಂಬತ್ತು ಡಾಲರಿನಂತೆ ಸಾವಿರದ ನೂರಕ್ಕೂ ಹೆಚ್ಚು ಹಣ ಹೋಯಿತು. ನಾಲ್ಕರಲ್ಲಿ ಮೂರು ಹಿಂದಿನ ಚಕ್ರದವು. ಮುಂದಿನ ಚಕ್ರ ಮಲಗಿರುವ ಕಟ್ಟಿಗೆಯ ಒಂದು ತುದಿಯನ್ನು ತುಳಿದು ಇನ್ನೊಂದು ತುದಿಯನ್ನು ಮೇಲೆತ್ತುತ್ತದೆ, ಹಿಂದಿನ ಚಕ್ರ ಹೋಗಿ ಅದಕ್ಕೆ ಎದೆಗೊಡುತ್ತದೆ. ಚಾಲಕ ಎಷ್ಟೇ ನೋಡಿ ನಡೆಸಿದರೂ ಇದನ್ನು ತಪ್ಪಿಸಲಾರ. ರೇಡಿಯಲ್ ಟೈರಿನಲ್ಲಿ ಉಕ್ಕಿನ ಪಟ್ಟಿ ಇರುವುದು ಮುಖದ ಅಡಿಯಲ್ಲಿ ಮಾತ್ರ; ಪಕ್ಕದಲ್ಲಿ ಇರುವುದು ತೆಳುವಾದ ನೂಲಿನ ಪದರ. ಟೈರಿನ ಅಂಗಡಿಯಲ್ಲಿ ವಿಚಾರಿಸಿದರೆ ದಪ್ಪ ಸೈಡ್‌ವಾಲಿನ ಟೈರು ತೋರಿಸಿ ನಾನೂರರ ಮೇಲೆ ಹೇಳಿದರು. ಸ್ಟೆಪ್ನಿ ಸೇರಿ ಆರು ಟೈರಿಗೆ ಎರಡೂವರೆ ಸಾವಿರ ಹಾಕುವ ಮನಸ್ಸು ನನಗೆ ಬರಲಿಲ್ಲ.

ನಮ್ಮ ಕಡೆ ಲಾರಿ ಟೈರು ಒಡೆದರೆ ಪಂಕ್ಚರ್ ಅಂಗಡಿಯವರು ಹಳೆಯ ಟೈರಿನ ತುಂಡನ್ನು ಕೊಯ್ದು ಟೈರಿಗೂ ಟ್ಯೂಬಿಗೂ ನಡುವೆ ಗೇಟರ್ ಇಟ್ಟು ಕಳಿಸುತ್ತಾರೆ, ಆ ಲಾರಿ ಮತ್ತೆ ಸಾವಿರಾರು ಕಿಲೋಮೀಟರ್ ಲೋಡು ಎಳೆಯುತ್ತದೆ. ಹರಿದ ಮೇಲೆ ಇಡುವ ಗೇಟರನ್ನು ಹರಿಯುವ ಮೊದಲೇ, ಸುತ್ತಲೂ, ಎರಡೂ ಪಕ್ಕದಲ್ಲಿ ಇಟ್ಟರೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಇಲ್ಲಿನ ಗೆಳೆಯರ ಆಕ್ಷೇಪ ಎರಡು: ರಬ್ಬರಿಗೆ ರಬ್ಬರು ಉಜ್ಜಿ ಶಾಖ ಹುಟ್ಟುತ್ತದೆ, ಒಳಗಿನ ತುಂಡಿನ ಅಂಚು ಟ್ಯೂಬನ್ನು ಕಡಿಯುತ್ತದೆ. ಎರಡೂ ಸರಿಯಾದ ಆಕ್ಷೇಪಗಳೇ, ಮತ್ತು ಮೊದಲ ಪ್ರಯತ್ನದಲ್ಲಿ ಎರಡೂ ನಿಜವಾದವು.

ಮೊದಲು ನಾನು ಸವೆದ 6.50-16 ಟೈರಿನ ಬೀಡ್ (ರಿಮ್ಮಿನಲ್ಲಿ ಕೂರುವ ಅಂಚು) ತಂತಿಯನ್ನು ಕೊಯ್ದು ತೆಗೆದು, ಉಳಿದ ಇಡೀ ಟೈರನ್ನು 7.50ರ ಒಳಗೆ ತುರುಕಿದೆ. ಚಕ್ರದ ತೂಕ ಎಂಟು ಹತ್ತು ಕಿಲೋ ಏರಿತು. ಡಾಂಬರು ರಸ್ತೆಯಲ್ಲಿ ಎಪ್ಪತ್ತು ದಾಟಿದೊಡನೆ ಸ್ಟೀರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಅರ್ಧ ಗಂಟೆಯ ನಂತರ ಇಳಿದು ನೋಡಿದರೆ ಸೈಡ್‌ವಾಲಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿ. ಮುಖದ ಭಾಗದಲ್ಲಿ ಎರಡು ಟೈರಿನ ದಪ್ಪ ಸೇರಿದ್ದರಿಂದ ಶಾಖ ಹೊರಹೋಗಲು ದಾರಿಯೇ ಇರಲಿಲ್ಲ. ಹಾಗಾಗಿ ಮುಖವನ್ನು ಪೂರ್ತಿ ಬಿಟ್ಟು, ಪಕ್ಕದ ಗೋಡೆಯನ್ನು ಮಾತ್ರ ಬಳೆಯಂತೆ ಕತ್ತರಿಸಿ ತೆಗೆಯುವ ಯೋಚನೆ ಬಂತು.

ಎರಡನೆಯ ಸಲದ ಬಳೆಗಳನ್ನು ರೇಡಿಯಲ್ ಟೈರಿನಿಂದ ಮಾಡಿದೆ, ಏಕೆಂದರೆ ಗುಜರಿಯಲ್ಲಿ ಅವೇ ರಾಶಿ ರಾಶಿ ಸಿಗುತ್ತವೆ. ಶಾಖದ ತೊಂದರೆ ಬಹುಪಾಲು ಹೋಯಿತು, ಆದರೆ ಮುಖವೂ ಪಕ್ಕವೂ ಸೇರುವ ಭುಜದ ಹತ್ತಿರ ಕೊಯ್ದ ಕಡೆ ಉಕ್ಕಿನ ಎಳೆಗಳ ತುದಿ ಉಳಿದು, ಎಷ್ಟು ಉಜ್ಜಿದರೂ ಮತ್ತೆ ಮತ್ತೆ ಹೊರಬಂದು ಟ್ಯೂಬನ್ನು ಚುಚ್ಚಿದವು. ಎಳೆ ತಾಗದಂತೆ ಇನ್ನೂ ಕೆಳಗೆ ಕೊಯ್ದರೆ ಬಳೆಯ ಅಗಲ ಸಾಲದು, ಅದರ ಗೋಡೆಯೂ ತೆಳು. ಒಂದು ತಿಂಗಳಲ್ಲಿ ಹಾಳಾದ ಟ್ಯೂಬುಗಳಿಗೇ ಸುಮಾರು ಮುನ್ನೂರು ಡಾಲರ್ ಹೋಯಿತು. ಗೆಳೆಯರು ಸಾಕು ಬಿಡು ಎಂದದ್ದು ಈ ಹಂತದಲ್ಲಿ.

ಉತ್ತರ ಸಿಕ್ಕಿದ್ದು ನೈಲಾನ್ ಟೈರಿನಲ್ಲಿ. ಅದರ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದು ಬೀಡಿನಿಂದ ಬೀಡಿನವರೆಗೆ ಪೂರ್ತಿ ಬರುವುದರಿಂದ ಸೈಡ್‌ವಾಲೂ ದಪ್ಪ, ಬೀಡ್ ತಂತಿ ಬಿಟ್ಟರೆ ಎಲ್ಲಿಯೂ ಉಕ್ಕಿಲ್ಲ. ಹಳೆಯ ಟ್ರೇಲರುಗಳಿಂದ, ಹಳೆಯ ಲ್ಯಾಂಡ್ ರೋವರುಗಳಿಂದ ಬಿಚ್ಚಿದ 6.50-16 ನೈಲಾನ್ ಟೈರುಗಳನ್ನು ಹುಡುಕಿ ತಂದೆ. 7.50ರದ್ದೇ ಬಳೆ 7.50ರ ಒಳಗೆ ಸುಕ್ಕುಗಟ್ಟುತ್ತದೆ, 6.50ರದ್ದು ಮೈಗೆ ಮೈ ಕೂರುತ್ತದೆ. ಬೀಡಿನ ಮೇಲೊಂದು ಸುತ್ತು, ಭುಜದ ಕೆಳಗೊಂದು ಸುತ್ತು ಕೊಯ್ದರೆ ಸುಮಾರು ನಾಲ್ಕಂಗುಲ ಅಗಲದ ಬಳೆ ಸಿಗುತ್ತದೆ. ಕೊಯ್ಯಲು ಸೋಪಿನ ನೀರು ಹಚ್ಚಿದ ಚಾಕುವೇ ಸಾಕು. ಗ್ರೈಂಡರಿನಿಂದ ಕೊಯ್ದರೆ ರಬ್ಬರು ಸುಟ್ಟು ಅಂಚು ಗಡುಸಾಗುತ್ತದೆ. ಆಮೇಲೆ ಎರಡೂ ಅಂಚನ್ನು ಮರಳುಕಾಗದದ ಚಕ್ರದಿಂದ ಒಂದು ಅಂಗುಲದಷ್ಟು ಅಗಲಕ್ಕೆ ಇಳಿಜಾರಾಗಿ, ಕೊನೆಯಲ್ಲಿ ಕಾಗದದ ತೆಳುವಾಗುವಂತೆ ಉಜ್ಜಬೇಕು. ಒಂದು ಬಳೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಈ ಉಜ್ಜುವ ಕೆಲಸದಲ್ಲಿ ಅವಸರ ಮಾಡಿದವರ ಟ್ಯೂಬು ಉಳಿಯುವುದಿಲ್ಲ ಎಂದು ಖಚಿತವಾಗಿ ಹೇಳುತ್ತೇನೆ. ಅಂಟು ಹಾಕಬಾರದು, ಟ್ಯೂಬಿನ ಒತ್ತಡವೇ ಬಳೆಯನ್ನು ಹಿಡಿದಿಡುತ್ತದೆ. ಟ್ಯೂಬನ್ನು ಒಂದು ಅಳತೆ ಚಿಕ್ಕದು ಹಾಕಿ, ಧಾರಾಳವಾಗಿ ಪುಡಿ ಹಾಕಬೇಕು. ಆ ಪುಡಿ ಬರಿಯ ಟಾಲ್ಕಂ ಅಲ್ಲ, ಅದಕ್ಕೆ ನಾನು ಬೆರೆಸುವುದು ಇನ್ನೊಂದಿದೆ. ಗಾಳಿ ಇಳಿಸಿದಾಗ ಬಳೆ ಮೇಲಕ್ಕೆ ಜಾರದಂತೆ ಅದರ ಕೆಳ ಅಂಚಿಗೆ ಮಾಡುವ ಉಪಾಯವೂ ಒಂದಿದೆ. ಇವೆರಡನ್ನು ಕಂಡುಕೊಳ್ಳಲು ಬಹಳ ದಿನ ಹಿಡಿದಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡು ಬಳೆ ಸೇರಿ ಚಕ್ರಕ್ಕೆ ನಾಲ್ಕರಿಂದ ಐದು ಕಿಲೋ ತೂಕ ಹೆಚ್ಚುತ್ತದೆ. ಡಾಂಬರಿನಲ್ಲಿ ಎಂಬತ್ತರ ಮೇಲೆ ಹೋಗುವುದಿಲ್ಲ. ಒಂದು ಪಕ್ಕಕ್ಕೆ ಬಳೆ ಇರುವ ಚಕ್ರ, ಇನ್ನೊಂದು ಪಕ್ಕಕ್ಕೆ ಇಲ್ಲದ ಚಕ್ರ ಹಾಕಿ, ನಲವತ್ತೈದು ಪೌಂಡು ಗಾಳಿಯಲ್ಲಿ ಒಂದು ಗಂಟೆ ಓಡಿಸಿ, ಅವಕೆಂಪು ಕಿರಣದ ಥರ್ಮಾಮೀಟರಿನಿಂದ ಅಳೆದಾಗ ವ್ಯತ್ಯಾಸ ಹತ್ತು ಹನ್ನೆರಡು ಡಿಗ್ರಿಯಷ್ಟೇ ಕಂಡಿತು. ಮುಲ್ಗಾದ ನಡುವೆ ಲೋ ರೇಂಜ್ ಗೇರಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಶಾಖದ ಮಾತೇ ಏಳುವುದಿಲ್ಲ. ಗಾಳಿ ಎಷ್ಟಿರಬೇಕೆಂಬುದರಲ್ಲಿ ನನಗೂ ಇತರರಿಗೂ ಭಿನ್ನಾಭಿಪ್ರಾಯವಿದೆ. ಮರಳಿಗೆಂದು ಹದಿನೆಂಟು ಪೌಂಡಿಗೆ ಇಳಿಸಿದ ಟೈರಿನಲ್ಲೇ ಕೂಳೆಯೊಳಗೆ ಹೋದರೆ ಸೈಡ್‌ವಾಲ್ ಉಬ್ಬಿ ತಾನಾಗಿ ಕೂಳೆಯ ಬಾಯಿಗೆ ಸಿಗುತ್ತದೆ. ಗಟ್ಟಿಯಾಗಿ ತುಂಬಿದರೆ ಕೂಳೆ ಮುಖಕ್ಕೇ ಇಳಿಯುತ್ತದೆ. ಇವೆರಡರ ನಡುವೆ, ನನ್ನ ಗಾಡಿಯ ತೂಕಕ್ಕೆ ಮುಂದೆ ಇಪ್ಪತ್ತಾರು, ಹಿಂದೆ ಮೂವತ್ತು ಸರಿಬಂದಿದೆ. ಈ ಬಳೆಗಳನ್ನು ಹಾಕಿದ ಮೇಲೆ ಸುಮಾರು ಎರಡು ಸಾವಿರ ಕಿಲೋಮೀಟರ್ ದಾರಿಯಿಲ್ಲದ ನೆಲದಲ್ಲಿ ಓಡಿದ್ದೇನೆ. ಮುಖಕ್ಕೆ ಪಂಕ್ಚರುಗಳು ಆಗುತ್ತಲೇ ಇವೆ, ಸೈಡ್‌ವಾಲಿನಿಂದ ಹೋದ ಟೈರು ಒಂದೂ ಇಲ್ಲ. ಬಿಚ್ಚಿ ನೋಡಿದಾಗ ಹೊರಗಿನ ಟೈರನ್ನು ದಾಟಿ ಬಂದು ಬಳೆಯ ಅರ್ಧದಲ್ಲಿ ಮುರಿದು ನಿಂತ ಕೂಳೆಯ ತುದಿಗಳು ಸಿಕ್ಕಿವೆ. ಅವನ್ನು ಆಕ್ಷೇಪ ಎತ್ತಿದ ಗೆಳೆಯರಿಗೆ ತೋರಿಸಿದೆ. ಅವರಲ್ಲೊಬ್ಬರು ತಮ್ಮ ಗಾಡಿಗೂ ಒಂದು ಜೊತೆ ಮಾಡಿಕೊಡುವಂತೆ ಕೇಳಿದ್ದಾರೆ.

ಟೈರು ಹೋದರೆ ಗಾಡಿಯ ಬಳಿಯೇ ನೆರವಿಗೆ ಕಾಯಬಹುದು, ಬೆಂಕಿ ಬಿದ್ದರೆ ಗಾಡಿಯೊಡನೆ ಕುಡಿಯುವ ನೀರೂ ರೇಡಿಯೋವೂ ಹೋಗುತ್ತವೆ. ಗ್ರೇಟ್ ವಿಕ್ಟೋರಿಯಾ ಮರುಭೂಮಿಯ ಅಂಚಿಗೆ ಹೋದಂತೆಲ್ಲ ಸ್ಪಿನಿಫೆಕ್ಸ್ ಹುಲ್ಲು ಹೆಚ್ಚುತ್ತದೆ. ಈ ಹುಲ್ಲಿನ ಹಲವು ಜಾತಿಗಳಲ್ಲಿ ರಾಳವಿರುತ್ತದೆ. ಮೂಲನಿವಾಸಿಗಳು ಈಟಿಗೆ ಮೊನೆ ಕೂರಿಸಲು ಬಳಸುತ್ತಿದ್ದ ಗಟ್ಟಿ ಅಂಟು ಇದರದ್ದೇ. ಗಾಡಿಯ ಹೊಟ್ಟೆಯಡಿ ಈ ಹುಲ್ಲು ಸೇರಿಕೊಂಡು ಸೈಲೆನ್ಸರ್ ಕೊಳವೆಗೆ ಒತ್ತಿದರೆ ಮೊದಲು ಕರಕಲು ವಾಸನೆ, ಹಿಂದೆಯೇ ಜ್ವಾಲೆ. ನಮ್ಮ ಹಳೆಯ ಡೀಸೆಲಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿರುವುದು ದೊಡ್ಡ ಅನುಕೂಲ, ಆದರೂ ನಿಶ್ಚಿಂತೆಯಿಲ್ಲ. ನಾನು ಅಡಿಯ ರಕ್ಷಣಾ ತಗಡುಗಳನ್ನೆಲ್ಲ ಕಳಚಿ ಹಾಕಿದೆ. ಕಲ್ಲಿನಿಂದ ಕಾಪಾಡುವ ತಗಡೇ ಹುಲ್ಲಿಗೆ ಗೂಡಾಗುತ್ತದೆ, ಮೇಲಾಗಿ ಅದರೊಳಗೆ ಕೈ ಹೋಗುವುದಿಲ್ಲ. ಗೇರ್‌ಬಾಕ್ಸಿನ ಆಸರೆಯ ಮೇಲೆ, ಕೊಳವೆ ಚಾಸಿಯನ್ನು ದಾಟುವ ಜಾಗದಲ್ಲಿ ಹುಲ್ಲು ನಿಲ್ಲದಂತೆ ಇಳಿಜಾರಾಗಿ ಸಣ್ಣ ತಗಡು ಬೆಸೆದಿದ್ದೇನೆ, ಉಳಿದದ್ದನ್ನು ಕೊಕ್ಕೆ ಕಂಬಿಯಿಂದ ಎಳೆದು ತೆಗೆಯುತ್ತೇನೆ.

ಇದರ ನಡುವೆ ಗಾಜಿಗೆ ನೀರು ಚಿಮ್ಮಿಸುವ ಹಳೆಯ ಪಂಪು ಮತ್ತು ಹನಿ ನೀರಾವರಿಯ ಮೂತಿಗಳಿಂದ ಕೊಳವೆಯ ಮೇಲೆ ತಾನಾಗಿ ನೀರು ಸಿಂಪಡಿಸುವ ಏರ್ಪಾಡೊಂದನ್ನು ಮಾಡಿದೆ, ಒಳಗಿನಿಂದ ಗುಂಡಿ ಒತ್ತಿದರೆ ಸಾಕು. ಎಂಜಿನ್ನಿನ ಎರಕದ ಮ್ಯಾನಿಫೋಲ್ಡ್ ಬಿರುಕು ಬಿಡದಂತೆ ಅದರಿಂದ ದೂರ, ಹಿಂದಿನ ಅರ್ಧಕ್ಕೆ ಮಾತ್ರ ಮೂತಿ ಜೋಡಿಸಿದ್ದೆ. ಮನೆಯ ಅಂಗಳದಲ್ಲಿ ಚೆನ್ನಾಗಿ ನಡೆಯಿತು. ಕಾಡಿನಲ್ಲಿ ಎರಡನೆಯ ದಿನವೇ ಕೆಂಧೂಳು ಮೂತಿಗಳನ್ನು ಮುಚ್ಚಿತು, ಮೂರನೆಯ ದಿನ ಕೊಂಬೆಯೊಂದು ಪೈಪನ್ನು ಕಿತ್ತುಕೊಂಡು ಹೋಯಿತು. ನೂರ ಇಪ್ಪತ್ತು ಡಾಲರ್ ಹಾಗೆ ಹೋಯಿತು. ಈಗ ತೋಟಕ್ಕೆ ಔಷಧಿ ಹೊಡೆಯುವ ಎಂಟು ಲೀಟರಿನ ಕೈಪಂಪಿನಲ್ಲಿ ನೀರು ಮತ್ತು ಸ್ವಲ್ಪ ಪಾತ್ರೆ ತೊಳೆಯುವ ಸೋಪು ತುಂಬಿ, ಒತ್ತಡ ಕಟ್ಟಿಯೇ, ಬಾಗಿಲ ಬಳಿ ಇಟ್ಟಿರುತ್ತೇನೆ. ಸೋಪು ಇದ್ದರೆ ನೀರು ಹುಲ್ಲಿನ ಉಂಡೆಯೊಳಗೆ ಇಳಿಯುತ್ತದೆ. ದಟ್ಟ ಸ್ಪಿನಿಫೆಕ್ಸಿನಲ್ಲಿ ಎರಡು ಮೂರು ಕಿಲೋಮೀಟರಿಗೊಮ್ಮೆ ಇಳಿದು, ಬಗ್ಗಿ ನೋಡಲೇಬೇಕು, ಅದಕ್ಕೆ ಯಾವ ಯಂತ್ರವೂ ಬದಲಿಲ್ಲ. ಒಳ್ಳೆಯ ಮಳೆಯ ನಂತರದ ತೆನೆಗಾಲದಲ್ಲಿ ಹುಲ್ಲಿನ ಬೀಜ ರೇಡಿಯೇಟರಿನ ಜಾಲರಿಯನ್ನು ಮುಚ್ಚಿ ಎಂಜಿನ್ ಕಾಯುತ್ತದೆ. ಅದನ್ನು ತಡೆಯಲು ಗಿಡಗಳಿಗೆ ನೆರಳು ಕಟ್ಟುವ ಹಸಿರು ಬಲೆಯನ್ನು ಮುಂದಿನ ಬುಲ್ ಬಾರಿಗೆ ಬಿಗಿದಿದ್ದೇನೆ. ಸೊಳ್ಳೆ ಜಾಲರಿಯನ್ನೂ ಸೇರಿಸಿ ಎರಡು ಪದರ ಮಾಡಿದಾಗ ಗಾಳಿಯೇ ಹೋಗದೆ ಶಾಖ ಇನ್ನೂ ಏರಿದ್ದರಿಂದ ಒಂದೇ ಪದರಕ್ಕೆ ಮರಳಿದೆ.

ಬುಲ್ ಬಾರಿನ ಎರಡು ತುದಿಯಿಂದ ಛಾವಣಿಯ ಅಂಚಿಗೆ ಆರು ಮಿಲಿಮೀಟರಿನ ಉಕ್ಕಿನ ಹಗ್ಗ ಬಿಗಿದರೆ ಕೊಂಬೆಗಳು ಗಾಜಿಗೆ ಬಡಿಯದೆ ಮೇಲೆ ಜಾರುತ್ತವೆ. ಛಾವಣಿಯ ಕ್ಯಾರಿಯರ್ ತೆಗೆದೇಬಿಟ್ಟೆ. ಬ್ರೇಕ್ ಹೋಸುಗಳಿಗೆ ಸುರುಳಿ ತಂತಿಯ ಹೊದಿಕೆ, ಮುಂದಿನ ಶಾಕ್ ಅಬ್ಸಾರ್ಬರುಗಳಿಗೆ ಹಳೆಯ ಟ್ಯೂಬಿನ ಹೊದಿಕೆ ಹಾಕಿದ್ದೇನೆ. ಗಾಳಿ ತುಂಬುವ ವಾಲ್ವಿನ ಕತ್ತು ರಿಮ್ಮಿನಿಂದ ಹೊರಗೆ ಚಾಚಬಾರದು. ಡೀಸೆಲು ಇಂಥ ನೆಲದಲ್ಲಿ ನೂರು ಕಿಲೋಮೀಟರಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಲೀಟರ್ ಕುಡಿಯುತ್ತದೆ. ಗಾಡಿಯ ಎರಡು ಟ್ಯಾಂಕಿನ ನೂರ ಎಂಬತ್ತು ಲೀಟರಿಗೆ ಮೂರು ಜೆರ್ರಿ ಕ್ಯಾನ್ ಸೇರಿಸಿ ನಡೆಸುತ್ತೇನೆ. ಇನ್ನೊಂದು ಟ್ಯಾಂಕಿನ ತೂಕ ಹೇರುವುದಕ್ಕಿಂತ ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿಗೆ ತೃಪ್ತಿಪಡುವುದು ಟೈರಿಗೆ ಒಳ್ಳೆಯದು.

ಆರು ಚಕ್ರದ ಬಳೆಗಳಿಗೆ ಹಳೆಯ ಟೈರು, ಹೊಸ ಟ್ಯೂಬು, ರಿಮ್ಮಿಗೂ ಟ್ಯೂಬಿಗೂ ನಡುವೆ ಕೂರುವ ಫ್ಲ್ಯಾಪ್, ಮರಳುಕಾಗದ ಎಲ್ಲ ಸೇರಿ ಮುನ್ನೂರೈವತ್ತರಿಂದ ನಾನೂರು ಡಾಲರ್ ಆಗಿದೆ, ಹಾಳಾದ ಪ್ರಯೋಗಗಳ ಖರ್ಚು ಬೇರೆ. ಇದನ್ನು ಮಾಡಹೊರಟವರು ಸ್ಪ್ಲಿಟ್ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವ ಲಾಕ್ ರಿಂಗಿನ ವಿಷಯದಲ್ಲಿ ಮಾತ್ರ ಧೈರ್ಯ ತೋರಬಾರದು. ಒಳಗೆ ಬಳೆ ಇದ್ದಾಗ ಟೈರು ಕೂರುವುದು ನಿಧಾನ, ರಿಂಗು ಕೂತಂತೆ ಕಂಡರೂ ಒಂದು ಕಡೆ ಎದ್ದಿರಬಹುದು, ಗಾಳಿ ತುಂಬುವಾಗ ಸಿಡಿಯಬಹುದು. ಚಕ್ರಕ್ಕೆ ಮೂರು ಸುತ್ತು ಸರಪಳಿ ಬಿಗಿದು, ಉದ್ದ ಹೋಸಿನಿಂದ ದೂರ ನಿಂತು ಹತ್ತು ಪೌಂಡು ತುಂಬಿ, ಗಾಳಿ ಬಿಟ್ಟು, ರಿಂಗನ್ನು ಸುತ್ತಲೂ ನೋಡಿ, ಸರಿಯಿದ್ದರೆ ಮಾತ್ರ ಪೂರ್ತಿ ತುಂಬಬೇಕು. ಹೊಸ ಬಳೆ ಹಾಕಿದ ಮೇಲೆ ಮೊದಲ ನೂರು ಕಿಲೋಮೀಟರಿಗೆ ಒಮ್ಮೆ ಬಿಚ್ಚಿ ಟ್ಯೂಬಿನ ಮೇಲೆ ಅಂಚಿನ ಗುರುತು ಮೂಡಿದೆಯೇ ಎಂದು ನೋಡಬೇಕು. ಬೆರಳಿಗೆ ಗೆರೆ ತಾಗಿದರೆ ಆ ಬಳೆಯನ್ನು ಮತ್ತೆ ಉಜ್ಜಬೇಕು. ಸದ್ಯ ನನ್ನ ಬಳಿ ಇನ್ನೆರಡು ಚಕ್ರಕ್ಕೆ ಆಗುವಷ್ಟು ನೈಲಾನ್ ಟೈರು ಮಾತ್ರ ಉಳಿದಿದೆ, 6.50-16 ಅಪರೂಪವಾಗುತ್ತಿದೆ. ಮುಂದಿನ ಬೇಸಿಗೆಯಲ್ಲಿ 7.00-16ರ ಬಳೆಯನ್ನು ಒಂದು ಕಡೆ ಕೊಯ್ದು, ತುದಿಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿದರೆ ಸುಕ್ಕಿಲ್ಲದೆ ಕೂರುತ್ತದೆಯೇ ಎಂದು ಒಂದೇ ಚಕ್ರದಲ್ಲಿ, ಅದೂ ಹಿಂದಿನ ಎಡಗಡೆಯಲ್ಲಿ, ಹಾಕಿ ನೋಡಲಿದ್ದೇನೆ.