ಕಾಣೆಯಾದ ಮೂರು ಉಂಗುರ

ಮರಕ್ಕೆ ಬೈರಿಗೆ ಹಾಕುವಾಗ ಮೊದಲ ನಾಲ್ಕು ಸುತ್ತೇ ಕಷ್ಟ. ಮೊನೆ ತೊಗಟೆಯ ಮೇಲೆ ಜಾರುತ್ತದೆ, ಕೈ ಸ್ವಲ್ಪ ಅಲುಗಿದರೂ ತೂತು ಓರೆಯಾಗುತ್ತದೆ. ಒಮ್ಮೆ ಕಟ್ಟಿಗೆಯನ್ನು ಕಚ್ಚಿಕೊಂಡಿತೋ, ಆಮೇಲೆ ತಾನೇ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ನಾವು ಬಳಸುವ ಈ ಉಪಕರಣ ಬಡಗಿಯ ಬೈರಿಗೆಗೆ ದೂರದ ನೆಂಟ, ಆದರೆ ಒಳಗೆ ಟೊಳ್ಳು. ತಿರುಗಿಸುತ್ತ ಹೋದಂತೆ ಆ ಕೊಳವೆಯೊಳಗೆ ಮರದ ಒಂದು ಕಡ್ಡಿ ಬಂದು ಕೂರುತ್ತದೆ. ದಪ್ಪ ಸುಮಾರು 5 ಮಿಲಿಮೀಟರ್, ಉದ್ದ ತೊಗಟೆಯಿಂದ ತಿರುಳಿನವರೆಗೆ. ಅದರ ಮೇಲಿನ ಒಂದೊಂದು ಅಡ್ಡಗೆರೆಯೂ ಮರ ಕಳೆದ ಒಂದೊಂದು ವರ್ಷ. ಗಟ್ಟಿಮುಟ್ಟಾದ ಮರಕ್ಕೆ ಇದರಿಂದ ಪ್ರಾಣಕ್ಕೇನೂ ಅಪಾಯವಿಲ್ಲ, ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಂಡು ಬದುಕುತ್ತದೆ. ಹಾಗೆಂದು ಕಂಡ ಕಂಡ ಮರಕ್ಕೆಲ್ಲ ತೂತು ಹಾಕುವ ಪರವಾನಗಿ ಯಾರಿಗೂ ಇಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಕಾಡಿನ ದಾರಿಯಿಂದ. ಹವಾಮಾನದ ಗೊಡವೆ ಆಗ ನನಗಿರಲಿಲ್ಲ. ನನ್ನ ಪ್ರಶ್ನೆ ಚಿಕ್ಕದು: ದಟ್ಟವಾದ ಒಂದು ಹಳೆಯ ಕಾಡಿನಲ್ಲಿ ದೊಡ್ಡ ಮರಗಳು ಉರುಳಿ ಮೇಲ್ಛಾವಣಿ ತೆರೆದುಕೊಂಡದ್ದು ಯಾವಾಗ, ಎಷ್ಟು ಸಲ? ಇದಕ್ಕೆ ಉರುಳಿದ ಮರವನ್ನು ಕೇಳಬೇಕಾಗಿಲ್ಲ, ಅದು ಎಂದೋ ಮಣ್ಣಾಗಿರುತ್ತದೆ. ಪಕ್ಕದಲ್ಲಿ ಉಳಿದದ್ದನ್ನು ಕೇಳಬೇಕು. ನೆರಳಿನಲ್ಲಿ ನರಳುತ್ತಿದ್ದ ಮರಕ್ಕೆ ಇದ್ದಕ್ಕಿದ್ದಂತೆ ಬೆಳಕು ಸಿಕ್ಕರೆ ಅದರ ಉಂಗುರಗಳು ಅಗಲವಾಗುತ್ತವೆ, ಹಲವು ವರ್ಷ ಹಾಗೇ ಉಳಿಯುತ್ತವೆ. ಹಿಂದಿನ 10 ವರ್ಷದ ಸರಾಸರಿಯನ್ನು ಮುಂದಿನ 10 ವರ್ಷದ ಸರಾಸರಿಯ ಪಕ್ಕ ಇಟ್ಟು ನೋಡುವುದು ಬಳಕೆಯಲ್ಲಿರುವ ಲೆಕ್ಕ. ಒಂದು ವರ್ಷದ ಒಳ್ಳೆಯ ಮಳೆಗೆ ಮೋಸ ಹೋಗದಿರಲಿ ಎಂದೇ ಈ ಹತ್ತರ ಲೆಕ್ಕ.

ಮೊದಲ ವಾರವೇ ಬೈರಿಗೆ ಸಿಕ್ಕಿಕೊಂಡಿತು. ಕೊಳವೆ ಮರದೊಳಗೆ ಇರುವಾಗ ನಿಂತು ಟಿಪ್ಪಣಿ ಬರೆಯುವುದು, ನೀರು ಕುಡಿಯುವುದು ಇವೆಲ್ಲ ಕೂಡದು ಎಂದು ಹೇಳಿದ್ದರು. ಕೊಯ್ದ ಕಟ್ಟಿಗೆ ಮೆಲ್ಲಗೆ ಉಬ್ಬಿ ಉಕ್ಕನ್ನು ಹಿಡಿದುಬಿಡುತ್ತದೆ. ನಾನು ಮರದ ಸುತ್ತಳತೆ, ಇಳಿಜಾರಿನ ದಿಕ್ಕು ಎಂದು ಮುದ್ದಾದ ಅಕ್ಷರದಲ್ಲಿ ಬರೆಯುತ್ತ ಕೂತೆ. ತಿರುಗಿ ಬಂದರೆ ಹಿಡಿ ಅಲ್ಲಾಡಲಿಲ್ಲ. ಇಬ್ಬರು ಸೇರಿ ಹಿಡಿಗೆ ನೇತುಬಿದ್ದಂತೆ ಒತ್ತಿ ಹಿಂದಕ್ಕೆ ತಿರುಗಿಸಿದೆವು. ಇನ್ನೊಂದು ಮರದ ಹೊಟ್ಟೆ ಕೊಳೆತಿತ್ತು. ಅಲ್ಲಿ ತೊಂದರೆ ತದ್ವಿರುದ್ಧ: ತಿರುಪಿಗೆ ಕಚ್ಚಲು ಏನೂ ಇಲ್ಲದೆ ಬೈರಿಗೆ ನಿಂತಲ್ಲೇ ಸುತ್ತುತ್ತಿತ್ತು. ಹೊರಕ್ಕೆ ಎಳೆಯುತ್ತಲೇ ತಿರುಗಿಸಬೇಕು. ಹಗ್ಗ ಕಟ್ಟಿ ಎಳೆದೆವು. ಅಂದಿನಿಂದ ಹೊರಡುವ ಮುಂಚೆ ತಿರುಪಿಗೆ ಜೇನುಮೇಣ ಸವರುವುದು, ಚೀಲದಲ್ಲಿ ಹಗ್ಗ ಇದೆಯೇ ನೋಡುವುದು ರೂಢಿಯಾಗಿದೆ.

ಇಳಿಜಾರಿನಲ್ಲಿ ಮರಕ್ಕೆ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ತೂತು ಹಾಕಬಾರದು, ಪಕ್ಕದಿಂದ ಹಾಕಬೇಕು. ವಾಲಿದ ಮರ ತನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಒಂದು ಬದಿಗೆ ಹೆಚ್ಚು ಕಟ್ಟಿಗೆ ಹಾಕುತ್ತದೆ. ಪೈನ್‌ನಂಥ ಸೂಚಿಪರ್ಣಿಗಳಲ್ಲಿ ಅದು ಕೆಳಬದಿ, ಅಗಲ ಎಲೆಯ ಮರಗಳಲ್ಲಿ ಮೇಲ್ಬದಿ. ಆ ಬದಿಯ ಅಗಲ ಉಂಗುರ ಮಳೆಯದೂ ಅಲ್ಲ, ಬೆಳಕಿನದೂ ಅಲ್ಲ.

ತೆಗೆದ ಕಡ್ಡಿಯನ್ನು ಕಾಗದದ ಸ್ಟ್ರಾದಲ್ಲಿ ಹಾಕಿ ತರುತ್ತೇವೆ. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೋಡು ಕೊರೆದ ಮರದ ಪಟ್ಟಿಯಲ್ಲಿ ಅಂಟಿಸಬೇಕು, ನಾರುಗಳು ನೆಟ್ಟಗೆ ನಿಲ್ಲುವಂತೆ. ಹಾಗಾದರೆ ಉಜ್ಜಿದಾಗ ಕೊಳವೆಕೋಶಗಳ ಬಾಯಿ ಮೇಲಕ್ಕೆ ಬರುತ್ತದೆ. ನಾನು ಮೊದಲ ಸಲ ಆರು ಕಡ್ಡಿಗಳನ್ನು ಮಗ್ಗುಲಿಗೆ ಅಂಟಿಸಿ, ಎರಡು ದಿನ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಉಂಗುರ ಹುಡುಕಿದ್ದೇನೆ. ಗೆರೆಗಳು ಕಂಡವು, ಆದರೆ ಗಡಿ ಎಲ್ಲಿ ಎಂದು ಹೇಳುವಂತಿರಲಿಲ್ಲ. ಆವಿ ಹಿಡಿದು ಅಂಟು ಬಿಡಿಸಿ ಮತ್ತೆ ಅಂಟಿಸಿದ್ದಾಯಿತು. ಸ್ಯಾಂಡ್‌ಪೇಪರ್ ಒರಟಿನಿಂದ ನಯಕ್ಕೆ ಹೋಗಬೇಕು, 80, 120, 220, 400, ಕೊನೆಗೆ 600. ನಡುವೆ ಒಂದು ಮೆಟ್ಟಿಲು ಹಾರಿಸಿದರೆ ಹಿಂದಿನ ಗೀರುಗಳು ಉಂಗುರದ ವೇಷ ಹಾಕಿಕೊಂಡು ಕೂರುತ್ತವೆ. ಆಮೇಲೆ ಎಣಿಕೆ. ದಶಕಕ್ಕೊಂದು ಪೆನ್ಸಿಲ್ ಚುಕ್ಕಿ, 50ಕ್ಕೆ ಎರಡು, ಶತಮಾನಕ್ಕೆ ಮೂರು.

ಎಣಿಸಿದೆ. ತೊಗಟೆಯಿಂದ ಒಳಕ್ಕೆ ಎಣಿಸುತ್ತ ಹೋದರೆ ಕೆಲವು ಮರಗಳಲ್ಲಿ ಉಂಗುರ ಅಗಲವಾದದ್ದು 41 ವರ್ಷದ ಹಿಂದೆ, ಕೆಲವದರಲ್ಲಿ 43, ಉಳಿದವುಗಳಲ್ಲಿ 44. ನನಗೆ ಖುಷಿಯೋ ಖುಷಿ. ಮೂರೇ ವರ್ಷದ ಅಂತರದಲ್ಲಿ ಮೂರು ಬಿರುಗಾಳಿ! ಕಾಡಿನ ಒಂದೊಂದು ಮೂಲೆಗೆ ಒಂದೊಂದು ಗಾಳಿ ಬಡಿದಿದೆ ಎಂದು ನಕ್ಷೆ ಬರೆದು, ಬಾಣದ ಗುರುತು ಹಾಕಿ, ಕರಡು ಲೇಖನ ಸಿದ್ಧ ಮಾಡಿದೆ. ಪಕ್ಕದ ಕೋಣೆಯಲ್ಲಿ ಪ್ರಾಚೀನ ಹವಾಮಾನದ ಮೇಲೆ ಕೆಲಸ ಮಾಡುತ್ತಿದ್ದ ಹಿರಿಯ ಮೇಡಂ ಒಬ್ಬರಿಗೆ ತೋರಿಸಿದೆ. ಅವರು ಪುಟ ಮಗುಚಿ ನೋಡಿ ಕೇಳಿದ್ದು ಇಷ್ಟೇ: “ಎಣಿಸಿದ್ದೀರಿ, ಸರಿ. ತಾಳೆ ನೋಡಿದ್ದೀರಾ?”

ನೋಡಿರಲಿಲ್ಲ. ಒಂದು ವರ್ಷಕ್ಕೆ ಒಂದು ಉಂಗುರ ಎಂಬ ಶಾಲೆಯ ಪಾಠವನ್ನು ನಾನು ಪೂರ್ತಿ ನಂಬಿದ್ದೆ. ಮರ ಅಷ್ಟು ಪ್ರಾಮಾಣಿಕ ಗುಮಾಸ್ತನಲ್ಲ. ತೀರಾ ಕೆಟ್ಟ ವರ್ಷದಲ್ಲಿ ಬುಡದವರೆಗೂ ಕಟ್ಟಿಗೆ ಹಾಕದೆ ಇದ್ದುಬಿಡಬಹುದು, ಅಥವಾ ಒಂದು ಬದಿಗೆ ಹಾಕಿ ಇನ್ನೊಂದು ಬದಿಗೆ ಬಿಡಬಹುದು. ಬೆಳವಣಿಗೆಯ ಕಾಲದ ನಡುವೆ ಒಣಹವೆ ಬಂದು ಹೋದರೆ ಒಂದೇ ವರ್ಷದಲ್ಲಿ ಎರಡು ಉಂಗುರದಂತೆ ಕಾಣುವುದೂ ಉಂಟು. ಆದ್ದರಿಂದ ಒಂದು ಮರದ ಲೆಕ್ಕವನ್ನು ಇನ್ನೊಂದರ ಜೊತೆ ತಾಳೆ ಹಾಕಬೇಕು. ಸಾಧನ ಸರಳ, ಗ್ರಾಫ್ ಹಾಳೆಯ ಒಂದು ಪಟ್ಟಿ. ಎಡಬಲದ ಉಂಗುರಗಳಿಗಿಂತ ಯಾವುದು ಸಣ್ಣದಿದೆಯೋ ಆ ವರ್ಷದಲ್ಲಿ ಒಂದು ನಿಂತ ಗೆರೆ ಎಳೆಯುವುದು. ಉಂಗುರ ಎಷ್ಟು ಸಣ್ಣದೋ ಗೆರೆ ಅಷ್ಟು ಉದ್ದ. ಎರಡು ಮರದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಉದ್ದ ಗೆರೆಗಳು ಒಂದಕ್ಕೊಂದು ಎದುರಾಗುತ್ತವೆ. ಈಗ ಕಂಪ್ಯೂಟರ್ ಇದೆ, ಉಂಗುರವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತೇವೆ. ಆದರೂ ಹೊಸಬರು ಕೈಯಿಂದಲೇ ಶುರು ಮಾಡಲಿ ಎಂಬುದು ನನ್ನ ಹಟ. ತಪ್ಪು ಎಲ್ಲಿದೆ ಎಂದು ತೋರಿಸುವುದು ಯಂತ್ರ, ತಪ್ಪು ಏನು ಎಂದು ನೋಡಬೇಕಾದದ್ದು ಕಣ್ಣು.

ಈ ವಿಧಾನವನ್ನು ಕಟ್ಟಿ ನಿಲ್ಲಿಸಿದ ಎ. ಇ. ಡಗ್ಲಾಸ್ ಸಸ್ಯವಿಜ್ಞಾನಿಯೇ ಅಲ್ಲ, ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಸುಮಾರು 11 ವರ್ಷದ ಆವರ್ತನ ಭೂಮಿಯ ಹವೆಯಲ್ಲಿ ಗುರುತು ಬಿಟ್ಟಿದೆಯೇ ಎಂದು ಹುಡುಕಲು ಅವರು ಅರಿಜೋನಾದ ಮರಗಳಿಗೆ ಕೈ ಹಾಕಿದರು. ಹೆಸರಾದದ್ದು ಇನ್ನೊಂದು ಕಾರಣಕ್ಕೆ. 1929ರಲ್ಲಿ ಸಿಕ್ಕ ಸುಟ್ಟ ತೊಲೆಯ ಒಂದು ತುಂಡು ಜೀವಂತ ಮರಗಳ ಉಂಗುರ ಸರಣಿಯನ್ನೂ ಅಲ್ಲಿನ ಮೂಲನಿವಾಸಿ ಪ್ಯೂಬ್ಲೊ ಜನರ ಹಳೆಯ ವಸತಿಗಳ ತೊಲೆಗಳ ಸರಣಿಯನ್ನೂ ಬೆಸೆಯಿತು, ಪಾಳುಬಿದ್ದ ಆ ಮನೆಗಳು ಯಾವ ವರ್ಷದವು ಎಂದು ಹೇಳುವಂತಾಯಿತು. ಸೂರ್ಯನನ್ನು ಹುಡುಕಲು ಹೊರಟವರಿಗೆ ಮನೆ ಕಟ್ಟಿದವರ ಕಾಲ ಸಿಕ್ಕಿತು. ನನ್ನ ಪಾಡೂ ಚಿಕ್ಕ ಪ್ರಮಾಣದಲ್ಲಿ ಇದೇ.

ಮೇಡಂ ಎದುರಿಗೆ ಕೂತು ಪಟ್ಟಿಗಳನ್ನು ಸರಿಸಿದೆ. ತೊಗಟೆಯ ಕಡೆಯಿಂದ ಒಳಕ್ಕೆ 20ರ ಆಸುಪಾಸಿನವರೆಗೆ ಎಲ್ಲ ಮರಗಳೂ ಒಂದೇ ರಾಗ. ಅಲ್ಲಿಂದ ಒಳಗೆ ಕೆಲವು ಮರಗಳು ತಾಳ ತಪ್ಪುತ್ತಿದ್ದವು, ಒಂದು ಹೆಜ್ಜೆ ಇಲ್ಲವೇ ಮೂರು ಹೆಜ್ಜೆ. ಆ ಜಾಗವನ್ನು ಮತ್ತೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚೆನ್ನಾಗಿ ಬೆಳೆದ ಮರಗಳಲ್ಲಿ ಮೂರು ಉಂಗುರ ಸಾಲಾಗಿ ಕೂದಲೆಳೆಯಷ್ಟು ತೆಳ್ಳಗೆ, ಎರಡು ಮೂರು ಕೋಶಗಳ ಅಗಲ. 43 ಕೊಟ್ಟ ಮರಗಳಲ್ಲಿ ಅವು ಎರಡೇ. 41 ಕೊಟ್ಟವುಗಳಲ್ಲಿ ಒಂದೂ ಇಲ್ಲ. ಹತ್ತಿರದ ಮಳೆಮಾಪನ ಕೇಂದ್ರದ ದಾಖಲೆ ತರಿಸಿದರೆ ಅದೇ ಮೂರು ವರ್ಷ ಬರ. ಕಾಣೆಯಾದ ಉಂಗುರಗಳನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ 41 ಮತ್ತು 43 ಎರಡೂ 44ಕ್ಕೆ ಬಂದು ನಿಂತವು. ಮೂರು ಬಿರುಗಾಳಿ ಇರಲೇ ಇಲ್ಲ, ಇದ್ದದ್ದು ಒಂದು. ಅದಾದ ಎಷ್ಟೋ ವರ್ಷದ ಮೇಲೆ ಬಂದ ಬರ ಅದನ್ನು ಮೂರು ತುಂಡು ಮಾಡಿ ನನ್ನ ಕೈಗೆ ಕೊಟ್ಟಿತ್ತು. ಬಾಣದ ಗುರುತಿನ ಆ ನಕ್ಷೆಯನ್ನು ಹರಿದು ಹಾಕಿದೆ. ಈಗ ಅನ್ನಿಸುತ್ತದೆ, ಇಟ್ಟುಕೊಳ್ಳಬೇಕಿತ್ತು.

ಇಷ್ಟು ಚೆನ್ನಾಗಿ ಬರವನ್ನು ಬರೆದಿಟ್ಟ ಮರಗಳು ಅವರ ಕೆಲಸಕ್ಕೂ ಆಗಬಹುದಲ್ಲ ಎಂದೆ. ಮೇಡಂ ನಕ್ಕರು. “ನಿಮ್ಮ ಮರಗಳು ಹವೆಗಿಂತ ನೆರೆಹೊರೆಯ ಜಗಳವನ್ನೇ ಹೆಚ್ಚು ಬರೆದಿವೆ. ನನಗೆ ಒಂಟಿಯಾಗಿ, ಕಷ್ಟದಲ್ಲಿ ಬದುಕುವ ಮರ ಬೇಕು” ಎಂದರು. ಅದು ನಿಜ. ಬೆಟ್ಟದ ಮೇಲೆ, ಇನ್ನು ಮೇಲಕ್ಕೆ ಮರವೇ ಬೆಳೆಯದು ಎನ್ನುವ ಗಡಿಯಲ್ಲಿ ನಿಂತ ಮರಕ್ಕೆ ಕೊರತೆ ಇರುವುದು ಬೇಸಿಗೆಯ ಬಿಸಿಯದು. ಉಂಗುರ ತಾಪಮಾನವನ್ನು ಹೇಳುತ್ತದೆ. ಒಣ ಬಂಡೆಯ ಸಂದಿನಲ್ಲಿ ನಿಂತದ್ದಕ್ಕೆ ಕೊರತೆ ನೀರಿನದು. ಅದು ಮಳೆಯನ್ನು ಹೇಳುತ್ತದೆ. ಎಲ್ಲವೂ ಅಷ್ಟಿಷ್ಟು ಸಿಗುವ ನಡುಗಾಡಿನ ಮರ ಯಾವುದನ್ನೂ ಸ್ಪಷ್ಟವಾಗಿ ಹೇಳುವುದಿಲ್ಲ.

ಮುಂದೆ ಅವರ ತಂಡದ ಜೊತೆ ನಾನೇ ಮರಗಡಿಗೆ ಹತ್ತಿದೆ. 20ಕ್ಕೂ ಹೆಚ್ಚು ಮರ, ಮರಕ್ಕೆ ಎರಡು ಕಡ್ಡಿ. ಇಲ್ಲಿ ಇನ್ನೊಂದು ಪೇಚು. ಎಳೆಯ ಮರದ ಉಂಗುರ ಅಗಲ, ಮುದಿ ಮರದ್ದು ಸಣ್ಣ, ಏಕೆಂದರೆ ಅಷ್ಟೇ ಕಟ್ಟಿಗೆಯನ್ನು ವರ್ಷದಿಂದ ವರ್ಷಕ್ಕೆ ದೊಡ್ಡದಾಗುವ ಸುತ್ತಿಗೆ ಬಳಿಯಬೇಕು. ಈ ವಯಸ್ಸಿನ ಇಳಿಜಾರನ್ನು ತೆಗೆಯದೆ ಹವೆ ಕಾಣುವುದಿಲ್ಲ. ತೆಗೆಯಲು ಪ್ರತಿ ಮರಕ್ಕೂ ಒಂದು ವಕ್ರರೇಖೆ ಹೊಂದಿಸಿ ಅದರಿಂದ ಭಾಗಿಸುತ್ತೇವೆ. ರೇಖೆ ಬಗ್ಗದಷ್ಟು ಬಿಗಿಯಾಗಿದ್ದರೆ ನೆರೆಹೊರೆಯ ಜಗಳ ಉಳಿದುಬಿಡುತ್ತದೆ. ಸಡಿಲವಾಗಿದ್ದರೆ ಅದು ಪ್ರತಿ ಏರಿಳಿತದ ಜೊತೆಗೂ ಬಳುಕಿ, ಜಗಳದ ಜೊತೆ ದಶಕಗಟ್ಟಲೆ ನಿಂತ ನಿಜವಾದ ಚಳಿಯನ್ನೂ ಒರೆಸಿಹಾಕುತ್ತದೆ. ಅದೂ ಅಲ್ಲದೆ 100 ವರ್ಷದ ಮರಗಳನ್ನು ಎಷ್ಟು ಜೋಡಿಸಿದರೂ ಈ ದಾರಿಯಲ್ಲಿ 300 ವರ್ಷದ ಏರಿಳಿತ ಕಾಣುವುದಿಲ್ಲ. 1995ರಲ್ಲಿ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಇದಕ್ಕೆ ತುಂಡಿನ ಉದ್ದದ ಶಾಪ ಎಂಬ ಅರ್ಥದ ಹೆಸರನ್ನೇ ಇಟ್ಟರು. ವಿಜ್ಞಾನದ ಲೇಖನದ ತಲೆಬರಹದಲ್ಲಿ ಶಾಪ ಎಂಬ ಪದ ಬರಬೇಕಾದರೆ ಎಷ್ಟು ಬೇಸತ್ತಿರಬೇಕು!

ನಮ್ಮ ಮೊದಲ ರೇಖಾಚಿತ್ರದಲ್ಲಿ ಒಂದು ಕಡೆ 15 ವರ್ಷ ಉದ್ದದ ಉಬ್ಬು ಇತ್ತು. ನೋಡಿದವರೆಲ್ಲ ಬೆಚ್ಚನೆಯ ಕಾಲ ಎಂದರು. ನನಗೆ ಮಾತ್ರ ಅದು ಹಳೆಯ ಪರಿಚಯದ ಮುಖದಂತೆ ಕಂಡಿತು. ಮೆಲ್ಲಗೆ ಏರಿದ್ದಲ್ಲ, ಒಮ್ಮೆಲೇ ಜಿಗಿದದ್ದು. ಇಳಿದದ್ದು ಮಾತ್ರ ನಿಧಾನ. ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಉಬ್ಬು ಇದ್ದದ್ದು ಎಂಟು ಮರಗಳಲ್ಲಿ, ಎಂಟೂ ಒಂದೇ ಮೂಲೆಯವು. ಮತ್ತೆ ಹತ್ತಿ ಹೋದೆವು. ಹುಲ್ಲಿನಡಿಯಲ್ಲಿ ಒಂದೇ ದಿಕ್ಕಿಗೆ ತಲೆಹಾಕಿ ಮಲಗಿದ ಹಳೆಯ ಬೊಡ್ಡೆಗಳು, ಪಕ್ಕದಲ್ಲಿ ಬೇರು ಕಿತ್ತ ಗುಂಡಿಗಳು. ಬಿಸಿಲಲ್ಲ, ಗಾಳಿ. ಕಾಡಿನಲ್ಲಿ ಬರ ನನ್ನ ಬಿರುಗಾಳಿಯನ್ನು ಮುರಿದಿತ್ತು. ಇಲ್ಲಿ ಬಿರುಗಾಳಿ ಹವಾಮಾನದ ವೇಷ ಹಾಕಿಕೊಂಡು ಬಂದಿತ್ತು. ಆ ಎಂಟನ್ನು ಸರಾಸರಿಯಿಂದ ಹೊರಗಿಟ್ಟೆವು, ಎಸೆಯಲಿಲ್ಲ. ಮೇಡಂ ಅವರಿಗೆ ಬೇಡವಾದದ್ದೇ ನನ್ನ ಮುಂದಿನ ಲೇಖನವಾಯಿತು.

ಇಷ್ಟು ತಪ್ಪಿದರೆ ವರ್ಷವನ್ನು ಹೇಗೆ ನಂಬುವುದು ಎಂದು ಕೇಳುವವರಿದ್ದಾರೆ. ತಾಳೆ ಸರಿಯಾದರೆ ನಂಬಬಹುದು, ಅದಕ್ಕೆ ಈಗ ಭೌತವಿಜ್ಞಾನದ ಸಾಕ್ಷಿಯೂ ಇದೆ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ಮತ್ತು ಸಂಗಡಿಗರು ಅಲ್ಲಿನ ಸೀಡರ್ ಮರಗಳ ಉಂಗುರಗಳಲ್ಲಿ ಕ್ರಿ.ಶ. 774ರಿಂದ 775ಕ್ಕೆ ಇಂಗಾಲ-14 (ಇಂಗಾಲದ ವಿಕಿರಣಶೀಲ ರೂಪ) ಶೇ. 1.2ರಷ್ಟು ದಿಢೀರನೆ ಏರಿದ್ದನ್ನು ತೋರಿಸಿದರು. ಅದೇ ಏರಿಕೆ ಯುರೋಪಿನ ಮರಗಳಲ್ಲೂ ಅದೇ ಉಂಗುರದಲ್ಲಿ ಸಿಕ್ಕಿತು. ಒಂದು ಖಂಡದವರು ಒಂದು ಉಂಗುರ ತಪ್ಪಿ ಎಣಿಸಿದ್ದರೂ ಇದು ಕೂಡಿಬರುತ್ತಿರಲಿಲ್ಲ. ಇಂಥದೇ 993ರ ಏರಿಕೆಯಿಂದ ತೊಗಟೆಯ ಕಡೆಗೆ ಎಣಿಸಿ, ಕೆನಡಾದ ಲಾನ್ಸ್ ಓ ಮೆಡೋಸ್‌ನಲ್ಲಿ ವೈಕಿಂಗರು ಮರ ಕಡಿದದ್ದು 1021ರಲ್ಲಿ ಎಂದು 2021ರಲ್ಲಿ ಪ್ರಕಟವಾಯಿತು.

ಆ ಮೊದಲ ಕಾಡಿನ ಕಡ್ಡಿಗಳು ಇವತ್ತಿಗೂ ನನ್ನ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿವೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಅದರಿಂದ ಒಂದನ್ನು ಕೊಡುತ್ತೇನೆ, ಚುಕ್ಕಿಗಳನ್ನೆಲ್ಲ ಉಜ್ಜಿ ಅಳಿಸಿದ್ದು. ಉಂಗುರ ಅಗಲವಾಗುವ ಜಾಗದವರೆಗೆ ಎಣಿಸಿ ತನ್ನಿ ಎನ್ನುತ್ತೇನೆ. ಸಂಜೆಗೆ ಬಂದು 41 ಎನ್ನುತ್ತಾರೆ, ಮೂರು ಸಲ ಎಣಿಸಿದೆ ಎಂದೂ ಸೇರಿಸುತ್ತಾರೆ. ಅದೇ ಮರದ ಇನ್ನೊಂದು ಬದಿಯ ಕಡ್ಡಿ ಕೊಡುತ್ತೇನೆ. ಮಾರನೆಯ ದಿನ ಮುಖ ಸಣ್ಣಗೆ ಮಾಡಿಕೊಂಡು 42 ಎನ್ನುತ್ತಾರೆ. ಆಗ ಗ್ರಾಫ್ ಹಾಳೆ, ಕತ್ತರಿ, ಪೆನ್ಸಿಲ್ ತೆಗೆದು ಮೇಜಿನ ಮೇಲಿಡುತ್ತೇನೆ.